ಎಸ್ಟರ್ ಹೆಸರು ಬರೆಯುವಾಗ ಪ್ರತಿ ಸಲ ಉಲ್ಟಾ ಆಗುತ್ತದೆ, ಏನು ಮಾಡಲಿ?

ಸೆಕೆಂಡ್ ಪಿಯುಸಿ ಟೆಸ್ಟಿನಲ್ಲಿ ಸಿಎಚ್3–ಸಿಓ–ಓ–ಸಿ2ಎಚ್5 ಅನ್ನುವ ಎಸ್ಟರ್ (ಆಸಿಡ್, ಆಲ್ಕೋಹಾಲ್ ಸೇರಿ ಆಗುವ ವಸ್ತು) ಕೊಟ್ಟು ಹೆಸರು ಕೇಳಿದ್ದರು, ನೀವು ‘ಮೀಥೈಲ್ ಪ್ರೊಪನೋಯೇಟ್’ ಅಂತ ಬರೆದಿರಿ, ಮಾರ್ಕ್ಸ್ ಹೋಯಿತು. ಅಸಿಟಿಕ್, ಎಥನೋಯಿಕ್ ಅಂತ ಒಂದೊಂದು ಆಸಿಡ್‌ಗೂ ಇರುವ ಎರಡೆರಡು ಹೆಸರನ್ನು ಬಾಯಿಪಾಠ ಮಾಡಬೇಕಾ ಅಂತಲೂ ಕೇಳಿದ್ದೀರಿ.

ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಪ್ರತಿ ವರ್ಷ ಉತ್ತರಪತ್ರಿಕೆಗಳಲ್ಲಿ ಇದೇ ತಪ್ಪು ಸಿಗುತ್ತದೆ. ಎಡಗಡೆ ಸಿಎಚ್3 ಕಂಡಿತು, ಮೀಥೈಲ್ ಅಂದಿರಿ. ಉಳಿದ ಮೂರು ಕಾರ್ಬನ್ ಎಣಿಸಿ ಪ್ರೊಪನೋಯೇಟ್ ಅಂದಿರಿ. ಮೀಥೈಲ್ ಪ್ರೊಪನೋಯೇಟ್ ಅನ್ನುವ ವಸ್ತು ನಿಜವಾಗಿಯೂ ಇದೆ. ಅದರಲ್ಲೂ 4 ಕಾರ್ಬನ್, 8 ಹೈಡ್ರೋಜನ್, 2 ಆಕ್ಸಿಜನ್. ಆದರೆ ಅದೇ ಬೇರೆ, ಪ್ರಶ್ನೆಯಲ್ಲಿ ಇದ್ದದ್ದೇ ಬೇರೆ.

ಎಸ್ಟರ್ ಬಂದಾಗ ಎಡ-ಬಲ ನೋಡಲೇಬೇಡಿ. ಮೊದಲು ಆಕ್ಸಿಜನ್ ಜೊತೆ ಡಬಲ್ ಬಾಂಡ್ ಇರುವ ಕಾರ್ಬನ್ ಹುಡುಕಿ. ಅದಕ್ಕೂ ಪಕ್ಕದ ಒಂಟಿ ಬಾಂಡಿನ ಆಕ್ಸಿಜನ್‌ಗೂ ನಡುವೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ಡಬಲ್ ಬಾಂಡ್ ಕಾರ್ಬನ್ ಇರುವ ತುಂಡು ಆಸಿಡ್‌ನಿಂದ ಬಂದದ್ದು. ಆಕ್ಸಿಜನ್ ಇರುವ ಇನ್ನೊಂದು ತುಂಡು ಆಲ್ಕೋಹಾಲ್‌ನಿಂದ ಬಂದದ್ದು. ನಿಮ್ಮ ಪ್ರಶ್ನೆಯಲ್ಲಿ ಆಸಿಡ್ ತುಂಡಿಗೆ 2 ಕಾರ್ಬನ್, ಹಾಗಾಗಿ ಎಥನೋಯೇಟ್. ಆಲ್ಕೋಹಾಲ್ ತುಂಡಿಗೂ 2, ಹಾಗಾಗಿ ಈಥೈಲ್. ಹೇಳುವಾಗ ಆಲ್ಕೋಹಾಲ್ ಮೊದಲು, ಆಸಿಡ್ ಆಮೇಲೆ: ಈಥೈಲ್ ಎಥನೋಯೇಟ್. ಇದನ್ನೇ ಸಿ2ಎಚ್5–ಓ–ಸಿಓ–ಸಿಎಚ್3 ಅಂತ ತಿರುಗಿಸಿ ಕೊಟ್ಟರೂ ಹೆಸರು ಬದಲಾಗುವುದಿಲ್ಲ.

ಆಲ್ಕೋಹಾಲ್ ಯಾಕೆ ಮೊದಲು? ಸೋಡಿಯಂ ಎಥನೋಯೇಟ್ ಅಂತ ಬರೆಯುವಾಗ ಯಾರೂ ತಡವರಿಸುವುದಿಲ್ಲ, ಅಲ್ವಾ? ಅಲ್ಲಿ ಆಸಿಡ್‌ನ ಹೈಡ್ರೋಜನ್ ಜಾಗಕ್ಕೆ ಸೋಡಿಯಂ ಬಂತು. ಎಸ್ಟರ್‌ನಲ್ಲಿ ಅದೇ ಜಾಗಕ್ಕೆ ಈಥೈಲ್ ಬಂತು. ಹೆಸರು ಕಟ್ಟುವ ರೀತಿಯೂ ಅದೇ.

ಎಸ್‌ಎಸ್‌ಎಲ್‌ಸಿಯಲ್ಲಿ ಮಾಡಿದ ಪ್ರಯೋಗ ನೆನಪಿಸಿಕೊಳ್ಳಿ. ಪ್ರನಾಳದಲ್ಲಿ ಎಥನಾಲ್, ಎಥನೋಯಿಕ್ ಆಸಿಡ್, ಮೇಲೆ ನಾಲ್ಕು ಹನಿ ಸಲ್ಫ್ಯೂರಿಕ್ ಆಸಿಡ್. ಬಿಸಿನೀರಿನಲ್ಲಿ ಇಡುವ ಮುಂಚೆ ಮೂಗಿಗೆ ಹೊಡೆಯುವುದು ವಿನೆಗರ್ ಘಾಟು. ಐದು ನಿಮಿಷ ಬಿಟ್ಟು ಬೀಕರ್ ನೀರಿಗೆ ಸುರಿದರೆ ಹಣ್ಣಿನಂಥ ಸಿಹಿ ವಾಸನೆ. ಆ ವಾಸನೆಯ ಹೆಸರೇ ಈಥೈಲ್ ಎಥನೋಯೇಟ್.

ಹೆಸರಿನ ಬೆಲೆ ನನಗೆ ನಿಜವಾಗಿ ಗೊತ್ತಾದದ್ದು ಸ್ಯಾಲಿಸಿಲಿಕ್ ಆಸಿಡ್ ಪಾಠ ಮಾಡುವಾಗ. ಬೆಂಜೀನ್ ರಿಂಗಿನ ಮೇಲೆ ಸಿಓಓಎಚ್ ಒಂದು, ಪಕ್ಕದಲ್ಲೇ ಓಎಚ್ ಒಂದು. ಹೆಸರಿಡುವಾಗ ಆಸಿಡ್‌ಗೆ ಮೊದಲ ಮಣೆ, ಓಎಚ್ ಬರೀ ‘ಹೈಡ್ರಾಕ್ಸಿ’ ಆಗಿ ಮುಂದೆ ಸೇರುತ್ತದೆ: 2-ಹೈಡ್ರಾಕ್ಸಿಬೆಂಜೋಯಿಕ್ ಆಸಿಡ್. ಇದರ ಆಸಿಡ್ ಕಡೆಗೆ ಮೆಥನಾಲ್ ಸೇರಿಸಿದರೆ ಮೀಥೈಲ್ 2-ಹೈಡ್ರಾಕ್ಸಿಬೆಂಜೋಯೇಟ್. ಸೊಂಟನೋವಿಗೆ ಹಚ್ಚುವ ಮುಲಾಮಿನ ಡಬ್ಬಿ ತೆಗೆದ ಕೂಡಲೇ ಬರುವ ವಾಸನೆ ಇದರದ್ದು. ಅದೇ ಸ್ಯಾಲಿಸಿಲಿಕ್ ಆಸಿಡ್‌ನ ಓಎಚ್ ಕಡೆಗೆ ಎಥನೋಯಿಕ್ ಅನ್‌ಹೈಡ್ರೈಡ್ ಹಾಕಿದರೆ 2-ಅಸಿಟೈಲಾಕ್ಸಿಬೆಂಜೋಯಿಕ್ ಆಸಿಡ್, ಅಂದರೆ ಆಸ್ಪಿರಿನ್. ಇದರಲ್ಲೂ ಎಸ್ಟರ್ ಇದೆ. ಆದರೆ ಸಿಓಓಎಚ್ ಹಾಗೇ ಉಳಿದಿರುವುದರಿಂದ ಹೆಸರು ‘ಆಸಿಡ್’ ಅಂತಲೇ ಮುಗಿಯುತ್ತದೆ. ಒಂದು ಹಚ್ಚುವುದು, ಒಂದು ನುಂಗುವುದು. ಯಾವ ಕಡೆ ಏನು ಸೇರಿತು ಅನ್ನುವುದು ಹೆಸರಿನಲ್ಲೇ ಇದೆ. ತೇವ ತಗುಲಿದ ಹಳೇ ಆಸ್ಪಿರಿನ್ ಮಾತ್ರೆ ವಿನೆಗರ್ ವಾಸನೆ ಬರುತ್ತದೆ. ಆ ಎಸ್ಟರ್ ಒಡೆದು ಎಥನೋಯಿಕ್ ಆಸಿಡ್ ಹೊರಬಂದಿದೆ ಅಂತ ಅರ್ಥ.

ಎಸ್ಟರ್‌ನಂತೆ ಆಸಿಡ್‌ನಿಂದಲೇ ಬರುವ ಆಸಿಡ್ ಕ್ಲೋರೈಡ್, ಅನ್‌ಹೈಡ್ರೈಡ್, ಅಮೈಡ್ ಇವೆಲ್ಲ ಸುಲಭ. ಎಥನೋಯಿಲ್ ಕ್ಲೋರೈಡ್, ಎಥನೋಯಿಕ್ ಅನ್‌ಹೈಡ್ರೈಡ್, ಎಥನಮೈಡ್. ಬಾಲ ಮಾತ್ರ ಬದಲಾಗುತ್ತದೆ. ಅಮೈಡ್‌ನ ನೈಟ್ರೋಜನ್ ಮೇಲೆ ಮೀಥೈಲ್ ಕೂತಿದ್ದರೆ ಮುಂದೆ ‘ಎನ್-ಮೀಥೈಲ್’ ಅಂತ ಸೇರಿಸಿ.

ಸಿಇಟಿಗೆ ಓದುತ್ತಿದ್ದರೆ ಕಾರ್ಬನ್ ಎಣಿಸುವ ಕಡೆ ಜಾಸ್ತಿ ಗಮನ ಕೊಡಿ. ಸಿಓಓಎಚ್‌ನ ಕಾರ್ಬನ್ನೇ 1ನೇ ಕಾರ್ಬನ್, ಅದನ್ನು ಬಿಡುವ ಹಾಗಿಲ್ಲ. ಸಿಎನ್ ಗುಂಪು ಇರುವ ನೈಟ್ರೈಲ್‌ನಲ್ಲೂ ಅಷ್ಟೇ. ಸಿಎಚ್3–ಸಿಎನ್ ಅನ್ನು ಎಥೇನ್‌ನೈಟ್ರೈಲ್ ಅಂದರೆ ಎರಡೂ ಕಾರ್ಬನ್ ಲೆಕ್ಕಕ್ಕೆ ಬರುತ್ತವೆ. ಅದನ್ನೇ ಮೀಥೈಲ್ ಸಯನೈಡ್ ಅಂದರೆ ‘ಮೀಥೈಲ್’ನಲ್ಲಿ ಒಂದೇ ಕಾರ್ಬನ್ ಕಾಣುತ್ತದೆ, ಇನ್ನೊಂದು ‘ಸಯನೈಡ್’ ಒಳಗಿದೆ. ಆಸಿಡ್ ಗುಂಪು ಸೈಕ್ಲೋಹೆಕ್ಸೇನ್ ರಿಂಗಿಗೆ ಅಂಟಿದ್ದಾಗ ಮಾತ್ರ ಲೆಕ್ಕ ಬೇರೆ. ಆಗ ಹೆಸರು ಸೈಕ್ಲೋಹೆಕ್ಸೇನ್‌ಕಾರ್ಬಾಕ್ಸಿಲಿಕ್ ಆಸಿಡ್, ಸಿಓಓಎಚ್ ಅಂಟಿರುವ ರಿಂಗಿನ ಕಾರ್ಬನ್‌ಗೆ 1.

ಇನ್ನು ಹಳೇ ಹೆಸರುಗಳು. ನಿಯಮ ಮಾಡಿ ಹೆಸರಿಡುವ ಕೆಲಸಕ್ಕೆ 1892ರಲ್ಲಿ ಜಿನೀವಾದಲ್ಲಿ ಕೆಮಿಸ್ಟರೆಲ್ಲ ಸೇರಿದ್ದರು. ಅದಕ್ಕೂ ಮುಂಚೆ ವಸ್ತು ಎಲ್ಲಿ ಸಿಕ್ಕಿತೋ ಅದೇ ಹೆಸರು. ಇಂಗ್ಲೆಂಡಿನ ನಿಸರ್ಗಶಾಸ್ತ್ರಜ್ಞ ಜಾನ್ ರೇ 1671ರಲ್ಲಿ ಇರುವೆಗಳಿಂದ ಬಟ್ಟಿ ಇಳಿಸಿದ ಆಸಿಡ್ ವಿವರ ಕೊಟ್ಟರು. ಲ್ಯಾಟಿನ್‌ನಲ್ಲಿ ಇರುವೆಗೆ ‘ಫಾರ್ಮಿಕಾ’, ಹಾಗಾಗಿ ಅದು ಫಾರ್ಮಿಕ್ ಆಸಿಡ್. ನಮ್ಮ ಮಲೆನಾಡಿನ ಚಗಳಿ (ಕೆಂಪಿರುವೆ) ಚಟ್ನಿಯ ಹುಳಿಯೂ ಅದೇ. ರಬ್ಬರ್ ಬೆಳೆಗಾರರು ಹಾಲು ಗಟ್ಟಿಯಾಗಲು ಹಾಕುವ ಆಸಿಡ್ಡೂ ಅದೇ. ಬೆಂಜೋಯಿಕ್ ಆಸಿಡ್ ಮೊದಲು ಸಿಕ್ಕಿದ್ದು ನಾವು ಕೆಂಡಕ್ಕೆ ಹಾಕುವ ಸಾಂಬ್ರಾಣಿಯಂಥ ಅಂಟಿನಲ್ಲಿ. ಬ್ಯುಟೈರಿಕ್ ಅಂದರೆ ಬೆಣ್ಣೆ. ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಮೂರೂ ಆಡಿನ ಹೆಸರಿನಿಂದ ಬಂದವು, ಕ್ರಮವಾಗಿ 6, 8, 10 ಕಾರ್ಬನ್. ಕಥೆ ಗೊತ್ತಿದ್ದರೆ ಉರುಹೊಡೆಯುವ ಕೆಲಸ ಅರ್ಧ ಕಡಿಮೆ.

ಎಲ್ಲವೂ ಬೇಡ. ಫಾರ್ಮಿಕ್, ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟೈರಿಕ್, ಆಕ್ಸಾಲಿಕ್, ಬೆಂಜೋಯಿಕ್ ಇಷ್ಟು ನಾಲಿಗೆ ತುದಿಯಲ್ಲಿರಲಿ. ಅಸಿಟಿಕ್ ಅನ್ನುವುದು ಹಳೇದು, ತಪ್ಪು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೆಸರಿಡುವ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್‌ನ 2013ರ ಶಿಫಾರಸಿನಲ್ಲಿ ಆದ್ಯತೆ ಅಸಿಟಿಕ್ ಆಸಿಡ್‌ಗೇ. ಪರೀಕ್ಷೆಯಲ್ಲಿ ಮಾತ್ರ ‘ಐಯುಪ್ಯಾಕ್ ಹೆಸರು ಬರೆಯಿರಿ’ ಅಂದಾಗ ಪಠ್ಯಪುಸ್ತಕದಂತೆ ಎಥನೋಯಿಕ್ ಅಂತಲೇ ಬರೆಯಿರಿ. ಹಳೇ ಪದ್ಧತಿಯಲ್ಲಿ ಆಲ್ಫಾ ಅಂದರೆ 2ನೇ ಕಾರ್ಬನ್ ಅನ್ನುವುದೂ ನೆನಪಿರಲಿ. ಮೊಸರಿನ ಲ್ಯಾಕ್ಟಿಕ್ ಆಸಿಡ್ ಹಳೇ ಪದ್ಧತಿಯಲ್ಲಿ ಆಲ್ಫಾ-ಹೈಡ್ರಾಕ್ಸಿಪ್ರೊಪಿಯಾನಿಕ್, ಹೊಸದರಲ್ಲಿ 2-ಹೈಡ್ರಾಕ್ಸಿಪ್ರೊಪನೋಯಿಕ್.

ಈಗ ಪೆನ್ಸಿಲ್ ತೆಗೆದುಕೊಂಡು ಎರಡು ಮಾಡಿ. ಪ್ರೊಪೈಲ್ ಮೆಥನೋಯೇಟ್‌ನ ರಚನೆ ಬರೆಯಿರಿ, ಅದರಲ್ಲೂ 4 ಕಾರ್ಬನ್ನೇ ಬರಬೇಕು. ಆಮೇಲೆ ಬಾಳೆಹಣ್ಣಿನ ವಾಸನೆಯ 3-ಮೀಥೈಲ್‌ಬ್ಯುಟೈಲ್ ಎಥನೋಯೇಟ್ ಬರೆಯಿರಿ. ಗೆರೆ ಎಲ್ಲಿ ಎಳೆದಿರಿ ಅಂತ ತಿಳಿಸಿ, ನೋಡಿ ಹೇಳುತ್ತೇನೆ.