ಡೀಸಿ ಯಾರು ಅನ್ನೋದು ಬಿಡಿ, ನಿಮ್ಮ ಬೂತಿನ ಡಿಲೀಷನ್ ಪಟ್ಟಿ ನೋಡಿ

ಸರ್ಕಾರ ತನಗೆ ಬೇಕಾದ ಡೀಸಿ, ಎಸಿ, ತಹಶೀಲ್ದಾರರನ್ನು ತಂದು ಕೂರಿಸಿದರೆ ಲೋಕಸಭೆ ಫಲಿತಾಂಶ ಅಲ್ಲಿಗೇ ತೀರ್ಮಾನ ಆದಂತಲ್ಲವೇ, ಬೂತ್ ಏಜೆಂಟ್ ಆಗಿ ಕೂತು ಏನು ಪ್ರಯೋಜನ ಅಂತ ಕೇಳಿದ್ದೀರಿ. 2019ರಲ್ಲಿ ನಾನೂ ಒಂದು ಪಕ್ಷದ ಏಜೆಂಟ್ ಆಗಿದ್ದೆ, ವರ್ಗಾವಣೆ ಸುದ್ದಿಯನ್ನೇ ಓದ್ತಾ ಇದ್ದೆ. ನನ್ನ ಬೂತಿನ ಓಟು ಹೋಗಿದ್ದು ಬೇರೆ ದಾರಿಯಲ್ಲಿ.

ನಮ್ಮದು ಹಾಸನ ಜಿಲ್ಲೆಯ ಕಾಫಿ ಸೀಮೆ. 2018ರ ಆಗಸ್ಟ್ ಮಳೆಗೆ ಪಕ್ಕದ ಎಸ್ಟೇಟಿನ ಲೈನ್ ಮನೆಗಳ (ಕೂಲಿಯವರ ಸಾಲುಮನೆಗಳ) ಗೋಡೆ ಬಿತ್ತು. ಎಷ್ಟೋ ವರ್ಷದಿಂದ ಅಲ್ಲೇ ಇದ್ದ ಐದಾರು ಸಂಸಾರ ನೆಂಟರ ಮನೆ ಸೇರಿದವು. ಮತದಾರರ ಪಟ್ಟಿ ಪರಿಷ್ಕರಣೆಗೆ ಬೂತ್ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಬಂದಾಗ ಬಾಗಿಲಿಗೆ ಬೀಗ. ‘ಸ್ಥಳಾಂತರ’ ಅಂತ ಬರೆದುಕೊಂಡು ಹೋದರು. ಲೈನ್ ಮನೆಗೆ ನಂಬರೇ ಇಲ್ಲವಲ್ಲ, ನೋಟಿಸ್ ಎಸ್ಟೇಟ್ ಆಫೀಸಿಗೆ ಹೋಗಿ ಅಲ್ಲೇ ಉಳಿಯಿತು. ಕೊಯ್ಲಿಗೆ ಅವರು ವಾಪಸ್ ಬರುವಷ್ಟರಲ್ಲಿ ಹೆಸರು ಹೋಗಿತ್ತು.

ಇದು ನನಗೆ ಜನವರಿಯ ಅಂತಿಮ ಪಟ್ಟಿಯಲ್ಲೇ ಕಂಡಿತ್ತು. ಕಚೇರಿಗೆ ಹೋಗಿ ಹೇಳಿದೆ. ಅಲ್ಲಿದ್ದ ಅಧಿಕಾರಿ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು, ‘ಪೂರಕ ಪಟ್ಟಿಯಲ್ಲಿ ಸೇರಿಸ್ತೀವಿ, ಹೋಗಿ ಬನ್ನಿ’ ಅಂದರು. ನಾನು ಬಂದುಬಿಟ್ಟೆ. ಕಾನೂನಿನ ಕಣ್ಣಿಗೆ ಆ ಹಾಳೆ ಅರ್ಜಿಯೇ ಅಲ್ಲ. ಹೆಸರು ಡಿಲೀಟ್ ಆದವರು ಒಬ್ಬೊಬ್ಬರೂ ನಮೂನೆ 6 (ಪಟ್ಟಿಗೆ ಹೆಸರು ಸೇರಿಸುವ ಅರ್ಜಿ) ತುಂಬಬೇಕು, ಅದರ ಕೆಳಗಿರುವ ಸ್ವೀಕೃತಿ ಚೀಟಿಯನ್ನು ಹರಿಸಿಕೊಂಡು ಬರಬೇಕು. ಚೀಟಿ ಇದ್ದರೆ ಅಧಿಕಾರಿ ಒಂದೋ ಸೇರಿಸಬೇಕು, ಇಲ್ಲ ತಿರಸ್ಕರಿಸಿ ಆದೇಶ ಕೊಡಬೇಕು. ಆದೇಶ ಇದ್ದರೆ ಮೇಲ್ಮನವಿ. ನನ್ನ ಹತ್ತಿರ ಚೀಟಿಯೂ ಇಲ್ಲ, ಆದೇಶವೂ ಇಲ್ಲ, ಯಾರ ಮೇಲೆ ಏನಂತ ದೂರು ಕೊಡಲಿ? ಇನ್ನೊಂದು ನನಗೆ ಗೊತ್ತೇ ಇರಲಿಲ್ಲ. ನಾಮಪತ್ರದ ಕೊನೆ ದಿನ ದಾಟಿದ ಮೇಲೆ ಚುನಾವಣೆ ಮುಗಿಯುವ ತನಕ ಪಟ್ಟಿ ಮುಟ್ಟುವ ಹಾಗಿಲ್ಲ. 1950ರ ಜನಪ್ರಾತಿನಿಧ್ಯ ಕಾಯ್ದೆಯ 23ನೇ ಸೆಕ್ಷನ್ನಿನಲ್ಲೇ ಇದೆ. ನಮಗೆ ಆ ದಿನ ಮಾರ್ಚ್ 26. ನಾನು ವಿಚಾರಿಸಲು ಮತ್ತೆ ಹೋಗಿದ್ದು ಏಪ್ರಿಲ್‌ನಲ್ಲಿ.

ಏಪ್ರಿಲ್ 18, ಮತದಾನ. ಲೈನಿನ ಹಿರಿಯಮ್ಮ ಒಬ್ಬರು ಓಟರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಮತಗಟ್ಟೆ ಅಧಿಕಾರಿ ಪಟ್ಟಿಯಲ್ಲಿ ಬೆರಳಾಡಿಸಿ, ಅವರ ಹೆಸರಿನ ಚೌಕದ ಮೇಲೆ ಓರೆಯಾಗಿ ‘ಡಿಲೀಟೆಡ್’ ಅಂತ ಅಚ್ಚಾಗಿದ್ದನ್ನು ನನಗೇ ತೋರಿಸಿದರು. ‘ಕಾರ್ಡ್ ಐತಲ್ಲಪ್ಪಾ’ ಅಂದರು ಆಯಮ್ಮ. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ. ಅದನ್ನು ಅವರ ಮುಖ ನೋಡಿ ನಾನೇ ಹೇಳಬೇಕಾಯಿತು.

ಬಿಎಲ್‌ಒ ಅಂಗನವಾಡಿ ಟೀಚರ್, ಯಾವ ಪಕ್ಷಕ್ಕೂ ಸೇರಿದವರಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಚುನಾವಣೆ ಘೋಷಣೆಯಾದ ಮೇಲೆ ಈ ಅಧಿಕಾರಿಗಳೆಲ್ಲ ಆಯೋಗದ ಅಧೀನ. ಸ್ವಂತ ಜಿಲ್ಲೆಯವರನ್ನೂ, ಮೂರು ವರ್ಷ ಅಲ್ಲೇ ಇದ್ದವರನ್ನೂ ಎತ್ತಂಗಡಿ ಮಾಡ್ತಾರೆ. ಅಧಿಕಾರಿಗಳ ಪ್ರಭಾವ ಕೆಲಸ ಮಾಡುವುದು ಯಾರೂ ನೋಡದ ತಿಂಗಳುಗಳಲ್ಲಿ, ಪಟ್ಟಿಯಲ್ಲಿ. ಇಲ್ಲವೇ ನಾಮಪತ್ರ ಪರಿಶೀಲನೆಯ ಮೇಜಿನಲ್ಲಿ. 2024ರಲ್ಲಿ ಸೂರತ್‌ನಲ್ಲಿ ಸೂಚಕರು (ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು) ‘ಸಹಿ ನಮ್ಮದಲ್ಲ’ ಅಂದದ್ದಕ್ಕೆ ಚುನಾವಣಾಧಿಕಾರಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕರಿಸಿದರು, ಉಳಿದವರು ಹಿಂದೆ ಸರಿದರು, ಒಂದು ಓಟೂ ಬೀಳದೆ ಬಿಜೆಪಿಯ ಮುಕೇಶ್ ದಲಾಲ್ ಸಂಸದರಾದರು. ಅಂಥ ಆದೇಶ ಸರಿಯೋ ತಪ್ಪೋ, ಪ್ರಶ್ನಿಸಬೇಕಾದರೆ ಫಲಿತಾಂಶ ಬಂದ ಮೇಲೆ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಮಧ್ಯದಲ್ಲಿ ನ್ಯಾಯಾಲಯ ಕೈಹಾಕಲ್ಲ.

ಐದಾರು ಮನೆಯ ಓಟಿನಿಂದ ಏನಾಗುತ್ತೆ ಅನ್ನಬೇಡಿ. ಅದೇ 2019ರಲ್ಲಿ ಚಾಮರಾಜನಗರ ಲೋಕಸಭೆ ಗೆಲುವಿನ ಅಂತರ 1,817. 2024ರಲ್ಲಿ ಮುಂಬೈ ವಾಯವ್ಯದಲ್ಲಿ 48. ಒಂದೊಂದು ಬೂತಿನಲ್ಲಿ ಒಂದೆರಡು ಹೆಸರು ಹೋದರೂ ಇಂಥ ಕ್ಷೇತ್ರ ತಿರುಗಿಬೀಳುತ್ತೆ.

ಪತ್ರಿಕೆಗೆ ಬರೆಯಲೇ, ಡೀಸಿಗೆ ದೂರು ಕೊಡಲೇ, ಕೋರ್ಟಿಗೆ ಹೋಗಲೇ ಅಂತಲೂ ಕೇಳಿದ್ದೀರಿ. ಮೂರೂ ಆಮೇಲೆ. ಮೊದಲು ಬೂತ್ ಏಜೆಂಟ್ ಆಗಿ, ಆದರೆ ಮತದಾನದ ದಿನಕ್ಕಲ್ಲ, ಕರಡು ಪಟ್ಟಿ ಬಂದ ದಿನದಿಂದ. ಡಿಲೀಟ್ ಆದ ಹೆಸರುಗಳನ್ನು ಹಿಡಿದು ಮನೆಮನೆಗೆ ಹೋಗಿ, ಬೀಗ ಹಾಕಿದ ಮನೆಗೆ ಎರಡನೇ ಸಲವೂ ಹೋಗಿ. ನಾಮಪತ್ರದ ಕೊನೆ ದಿನಕ್ಕೆ ಕನಿಷ್ಠ ಹತ್ತು ದಿನ ಮೊದಲು ನಮೂನೆ 6 ಒಳಗೆ ಹೋಗಿರಲಿ, ಆಕ್ಷೇಪಣೆಗೇ ಏಳು ದಿನ ಬೇಕು. ಚೀಟಿ ಕೊಡಲ್ಲ ಅಂದರೆ ಆನ್‌ಲೈನಿನಲ್ಲಿ ಹಾಕಿ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ. ತಿರಸ್ಕಾರ ಆದರೆ 15 ದಿನದೊಳಗೆ ಡೀಸಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ಬೆಂಗಳೂರಿನ ಮುಖ್ಯ ಚುನಾವಣಾಧಿಕಾರಿಗೆ. ‘ಮಾಡ್ತೀವಿ, ಹೋಗಿ ಬನ್ನಿ’ ಅಂದರೆ ಮಾತ್ರ ದಯವಿಟ್ಟು ಎದ್ದು ಬರಬೇಡಿ.