ಸಮುದ್ರಕ್ಕೆ ಬಿದ್ದ ಬೋರ್‌ವೆಲ್‌ಗಳು

ಇವರನ್ನು ರಾಯರು ಎಂದು ಕರೆಯೋಣ. ವಯಸ್ಸು 51. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ತುಮಕೂರು ಸೀಮೆಯಲ್ಲಿ ಜಲಾನಯನ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಟ್ರೇಸಿಂಗ್ ಶೀಟಿನ ಮೇಲೆ ಗೆರೆ ಎಳೆದು ಪಳಗಿದ ಕೈ. ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದದ್ದು ನಿದ್ದೆ ಹತ್ತುವುದಿಲ್ಲ ಎಂದು.

ಕೆದಕಿದಾಗ ಹೊರಬಿದ್ದದ್ದು ಕ್ಯೂಜಿಐಎಸ್, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರಾಂಶ. ಆಫೀಸಿನಲ್ಲಿ ಇನ್ನು ನಕ್ಷೆಯೆಲ್ಲ ಅದರಲ್ಲೇ ಎಂದಾಗಿದೆ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. "ಎಲ್ಲಾ ನೆಟ್‌ನಲ್ಲೇ ಇದೆ, ಒಂದು ತಿಂಗಳಲ್ಲಿ ಕಲಿತುಬಿಡಿ" ಅಂದರಂತೆ ಮ್ಯಾನೇಜರ್. ಎಲ್ಲಾ ಇದ್ದದ್ದೇ ತಾಪತ್ರಯವಾಗಿತ್ತು. ರಾಯರು ಫೋನ್ ತೆಗೆದು ತೋರಿಸಿದರು: ಆಮೇಲೆ ನೋಡಲೆಂದು ಎತ್ತಿಟ್ಟ ವಿಡಿಯೊ 63. ಪೂರ್ತಿ ನೋಡಿದ್ದು ಎರಡು. ರಾತ್ರಿ ಒಂದು ಗಂಟೆಯವರೆಗೆ ಇನ್ನೂ ಒಳ್ಳೆಯ ಪಾಠ ಹುಡುಕುವುದು, ಬೆಳಿಗ್ಗೆ ತಲೆನೋವು. ತಂತ್ರಾಂಶವನ್ನು ತೆರೆದದ್ದು ಮಾತ್ರ ಒಂದೇ ಸಲ.

ಆ ಒಂದು ಸಲದ ಕಥೆಯೇ ಮುಖ್ಯ. ಹಳ್ಳಿಯ 41 ಬೋರ್‌ವೆಲ್‌ಗಳ ಪಟ್ಟಿಯನ್ನು ನಕ್ಷೆಗೆ ಹಾಕಿದ್ದಾರೆ. ಬಿಂದುಗಳು ತುಮಕೂರಿನಲ್ಲಿಲ್ಲ, ನಾರ್ವೆಯ ಉತ್ತರದ ಸಮುದ್ರದಲ್ಲಿವೆ. "ಹೊಸದಾಗಿ ಸೇರಿದ ಹುಡುಗಿ ನೋಡಿ, ಸರ್, ನಿಮ್ಮ ಬೋರ್‌ವೆಲ್ ಎಲ್ಲಾ ನೀರಲ್ಲೇ ಇದಾವಲ್ಲ ಅಂದ್ಲು ಮೇಡಂ. ಎಲ್ಲರೂ ನಕ್ಕರು. ನಾನೂ ನಕ್ಕೆ." ಆ ನಗು ಗಂಟಲಲ್ಲೇ ನಿಂತಿತ್ತು ಅನ್ನುವುದು ನನಗೆ ಕಾಣುತ್ತಿತ್ತು.

ಎರಡನೇ ಭೇಟಿಗೆ ಲ್ಯಾಪ್‌ಟಾಪ್ ತರಲು ಹೇಳಿದೆ. ಆಪ್ತಸಲಹೆಗಾರರು ಇಂಥದ್ದಕ್ಕೆ ಕೈ ಹಾಕಬಾರದು ಎನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ, ಬೆದರಿಕೆಯ ಮೂಲ ಮೇಜಿನ ಮೇಲಿರಲಿ ಅನ್ನಿಸಿತು. ನನಗೆ ಅದರ ಗಂಧಗಾಳಿ ಇಲ್ಲದಿದ್ದದ್ದೂ ಒಳ್ಳೆಯದೇ ಆಯಿತು, ಅವರೇ ನನಗೆ ವಿವರಿಸಬೇಕಾಯಿತು. ಎಕ್ಸ್ ಅನ್ನುವ ಖಾನೆ, ವೈ ಅನ್ನುವ ಖಾನೆ. ಅವರ ಪಟ್ಟಿಯ ತಲೆಬರಹ ಅಕ್ಷಾಂಶ, ರೇಖಾಂಶ. ಅಕ್ಷಾಂಶ ಮೊದಲಿದೆ, ಎಕ್ಸ್ ಮೊದಲಿದೆ, ಹಾಗೇ ಕೂಡಿಸಿದ್ದಾರೆ. "ಅಡ್ಡಕ್ಕೆ ಹೋಗೋದು ಯಾವುದು ಸರ್?" ಎಂದೆ. ಒಂದು ಕ್ಷಣ ಸುಮ್ಮನಿದ್ದು ಹಣೆ ಚಚ್ಚಿಕೊಂಡರು. ಎಕ್ಸ್ ಅಂದರೆ ರೇಖಾಂಶ, 77. ಅದನ್ನು ಅಕ್ಷಾಂಶದ ಜಾಗಕ್ಕೆ ಹಾಕಿದರೆ ಧ್ರುವದ ಹತ್ತಿರವೇ ಹೋಗಬೇಕು. ಅದಲುಬದಲು ಮಾಡಿದರು, 41 ಚುಕ್ಕಿಗಳೂ ಊರಿಗೆ ಬಂದವು.

ಅವರಿಗೆ ನಾನು ಹೇಳಿದ್ದು ಇಷ್ಟು. ಪಾಠ ಹುಡುಕುವುದು ನಿಮಗೆ ಪಾಠ ತಪ್ಪಿಸಿಕೊಳ್ಳುವ ದಾರಿಯಾಗಿದೆ, ಆ 63ನ್ನೂ ಅಳಿಸಿ. (ಅಳಿಸಲು ಇಪ್ಪತ್ತು ನಿಮಿಷ ಹಿಡಿಯಿತು, ಮನಸ್ಸು ಬರಲಿಲ್ಲ.) ಜಿಐಎಸ್, ಅಂದರೆ ಇಂಥ ಕಂಪ್ಯೂಟರ್ ನಕ್ಷೆಯ ಕೆಲಸ ಮಾಡುವ ಪರಿಚಿತರೊಬ್ಬರನ್ನು ಕೇಳಿ ಎರಡನ್ನೇ ಉಳಿಸಿದೆವು. ಓದಲು, ಕ್ಯೂಜಿಐಎಸ್‌ನವರೇ ತಮ್ಮ ಕೈಪಿಡಿಗಳ ಜೊತೆ ಕೊಡುವ 'ಎ ಜೆಂಟಲ್ ಇಂಟ್ರೊಡಕ್ಷನ್ ಟು ಜಿಐಎಸ್'. ಮಾಡಲು, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಸರಣಿ. ಪಾಠಗಳು ಚಿಕ್ಕವು, ಒಂದು ಕಿಟಕಿಯಲ್ಲಿ ಪಾಠ, ಪಕ್ಕದಲ್ಲಿ ತಂತ್ರಾಂಶ ಇಟ್ಟುಕೊಂಡು ಕೂತರಾಯಿತು. ಡೆಹ್ರಾಡೂನಿನ ದೂರಸಂವೇದಿ ಸಂಸ್ಥೆ ಐಐಆರ್‌ಎಸ್‌ನ ಆನ್‌ಲೈನ್ ಕೋರ್ಸ್‌ಗಳ ಬಗ್ಗೆಯೂ ವಿಚಾರಿಸಿದ್ದರು. ಇಸ್ರೋದ್ದು, ಒಳ್ಳೆಯದೇ, ಆದರೆ ಸಿದ್ಧಾಂತ ಈಗ ಬೇಡ ಎಂದೆ. ದಿನಕ್ಕೆ ನಲವತ್ತು ನಿಮಿಷ, ಅದೂ ಆಫೀಸಿನ ಹೊತ್ತಿನಲ್ಲೇ. ಕಲಿಯುವುದು ಕೆಲಸಕ್ಕಾದರೆ ರಾತ್ರಿಯ ನಿದ್ದೆ ಯಾಕೆ ತೆರಬೇಕು? ಇದನ್ನು ಮ್ಯಾನೇಜರ್‌ಗೆ ಮೂರು ಸಾಲಿನ ಮೇಲ್‌ನಲ್ಲಿ ಕೇಳಲು ಹೇಳಿದೆ. ಒಪ್ಪಿಗೆ ಸಿಕ್ಕಿತು. ಅಭ್ಯಾಸಕ್ಕೆ ಬೇರೆ ದೇಶದ ಮಾದರಿ ಕಡತ ಬೇಡ, ಅದೇ ಬೋರ್‌ವೆಲ್ ಪಟ್ಟಿ ಸಾಕು.

ಕೊನೆಯದ್ದು ಆ ಹುಡುಗಿಯನ್ನು ಕೇಳುವುದು. ಅಲ್ಲಿ ಮಾತ್ರ ರಾಯರು ಜಗ್ಗಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಐದು ವಾರದ ಮೇಲೆ ಬಂದಾಗ ಕೈಯಲ್ಲಿ ಎ4 ಹಾಳೆಯ ಪ್ರಿಂಟ್ ಇತ್ತು. ಅದರಲ್ಲಿ ಒಂದು ಚುಕ್ಕಿಗೆ ಕೆಂಪು ಪೆನ್ನಿನ ಸುತ್ತು. ಉಪಗ್ರಹ ಚಿತ್ರದ ಮೇಲೆ ಇಟ್ಟಾಗ ಆ ಬೋರ್‌ವೆಲ್ ಟಾರು ರಸ್ತೆಯ ನಡುವೆ ಬರುತ್ತಿತ್ತಂತೆ. "ಅಳತೆ ತಗೊಂಡವನು ಹೊಲಕ್ಕಿಳಿಯದೆ ರಸ್ತೆಯಲ್ಲೇ ನಿಂತು ರೀಡಿಂಗ್ ಹೊಡೆದಿದಾನೆ ಮೇಡಂ. ಹುಡುಗಿಗೆ ಇದು ಕಾಣಲೇ ಇಲ್ಲ, ನಾನು ತೋರಿಸಿದೆ."

ನಿದ್ದೆ? ಹನ್ನೊಂದಕ್ಕೆ ಮಲಗುತ್ತಾರಂತೆ. ಆದರೆ ಹೊಸದೊಂದು ತೊಡಕು. ಬೋರ್‌ವೆಲ್ ಸುತ್ತ 500 ಮೀಟರಿನ ಬಫರ್, ಅಂದರೆ ಅಷ್ಟು ದೂರದ ಸುತ್ತು, ಹಾಕಲು ಹೋದರೆ ತಂತ್ರಾಂಶ ಅದನ್ನು 500 ಡಿಗ್ರಿ ಎಂದು ತಿಳಿದು ಪರದೆ ತುಂಬ ಬಣ್ಣ ಬಳಿದಿದೆ. ಮೊದಲು ಪಟ್ಟಿಯನ್ನು ಡಿಗ್ರಿಯ ಬದಲು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿಕೊಳ್ಳಬೇಕಂತೆ.

"ಇದನ್ನ ಯಾವ ವಿಡಿಯೊದಲ್ಲಿ ನೋಡಿದಿರಿ?" ಎಂದೆ.

"ವಿಡಿಯೊ ಅಲ್ಲ ಮೇಡಂ. ಅವಳನ್ನೇ ಕೇಳ್ದೆ."