ಹಾಲು ಕರೆಯುವುದು ಮೊದಲಾ, ಅನ್ನಕ್ಕೆ ಇಡುವುದು ಮೊದಲಾ?

ಪ್ರಶ್ನೆ: ಅಕ್ಕಾ, ನಾನು ಹುಟ್ಟಿ ಬೆಳೆದದ್ದು ಗೋವೆಯ ವಾಸ್ಕೋದಲ್ಲಿ. ಅಪ್ಪ ಅವ್ವ ಬಾಗಲಕೋಟೆ ಕಡೆಯವರು. ಹೋದ ವರ್ಷ ಮದುವೆಯಾಗಿ ಗೋವೆಯದೇ ಕಾಣಕೋಣದ ಹಳ್ಳಿಗೆ ಬಂದೆ. ಒಂದೂವರೆ ಎಕರೆ ತೋಟ, ಎರಡು ದನ, ಮನೆಯಲ್ಲಿ ಐದು ಜನ. ಐದಕ್ಕೇ ಎದ್ದರೂ ಹತ್ತು ಗಂಟೆಗೆ ಗಂಜಿ ಬಡಿಸಲು ಆಗುವುದಿಲ್ಲ. ಹಾಲು ಕರೆಯಲು ಹೋದರೆ ಅನ್ನ ತಳ ಹಿಡಿಯುತ್ತದೆ, ಅನ್ನ ಕಾಯುತ್ತಾ ಕೂತರೆ ದನ ಕೂಗುತ್ತದೆ. ನೀವು ಹೇಗೆ ಮಾಡುತ್ತೀರಿ?
— ಹೆಸರು ಬೇಡ, ಕಾಣಕೋಣ

ಉತ್ತರ: ತಂಗಿ, ನಾನೂ ಅಂಕೋಲೆಯಿಂದ ಪೋಳೆಯಲ್ಲಿ ಗೋವೆ ಗಡಿ ದಾಟಿ ಬಂದವಳೇ. ಇಪ್ಪತ್ತಾರು ವರ್ಷ ಆಯಿತು. ಮೊದಲ ಮಳೆಗಾಲದಲ್ಲಿ ನಾನು ಸೀದುಹೋದ ಅನ್ನದ ಪಾತ್ರೆ ತಿಕ್ಕಿದ್ದಕ್ಕೆ ಲೆಕ್ಕವಿಲ್ಲ.

ನೀವು ಉಣ್ಣುವುದು ಉಕ್ಡೆ, ಅಂದರೆ ಕುಚ್ಚಲಕ್ಕಿ ತಾನೇ? ಅದು ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಒಲೆ ಮುಂದೆ ಸುಮ್ನೆ ಯಾಕೆ ಕೂರುತ್ತೀ? ರಾತ್ರಿಯೇ ಅಕ್ಕಿ ತೊಳೆದು ನೆನೆಹಾಕು. ಬೆಳಿಗ್ಗೆ ಧಾರಾಳ ನೀರಿಟ್ಟು, ಕುದಿ ಬಂದ ಮೇಲೆ ಅಕ್ಕಿ ಹಾಕಿ ಹದಿನೈದು ನಿಮಿಷ ಚೆನ್ನಾಗಿ ಕುದಿಸು. ಮುಚ್ಚಳ ಬಿಗಿಯಾಗಿ ಮುಚ್ಚಿ, ಪಾತ್ರೆಯನ್ನು ಒಲೆಯಿಂದ ಇಳಿಸಿ, ಒಣಹುಲ್ಲು ತುಂಬಿದ ಬುಟ್ಟಿಯಲ್ಲಿ ಕೂರಿಸು. ಸುತ್ತಲೂ ಹುಲ್ಲು ಒತ್ತು, ಮೇಲೆ ಹಳೇ ಕಂಬಳಿ ಹೊದಿಸು. ಇನ್ನು ಕೊಟ್ಟಿಗೆಗೆ ಹೋಗು. ಹಾಲು ಕರೆದು, ಸಗಣಿ ಬಾಚಿ, ಹುಲ್ಲು ಹಾಕಿ ಬರುವಷ್ಟರಲ್ಲಿ ಅಗುಳು ಅರಳಿರುತ್ತದೆ. ಕೆಳಗೆ ಬೆಂಕಿಯೇ ಇಲ್ಲವಲ್ಲ, ತಳ ಹಿಡಿಯುವ ಮಾತೆಲ್ಲಿ? ನನ್ನ ಬುಟ್ಟಿ ನೋಡಿ ಅತ್ತೆ ಒಂದು ವಾರ ನಕ್ಕರು. ಆಮೇಲೆ ಗ್ಯಾಸ್ ಸಿಲಿಂಡರ್ ಹತ್ತು ದಿನ ಜಾಸ್ತಿ ಬಂದದ್ದನ್ನು ನೆರೆಮನೆಗೆಲ್ಲ ಹೇಳಿಕೊಂಡು ಬಂದವರೂ ಅವರೇ.

ತಿಳಿಗಂಜಿಯನ್ನು ದನಕ್ಕೆ ಕಲಗಚ್ಚಿನ ಜೊತೆ ಕೊಡಬಹುದು. ಅನ್ನವನ್ನು ಮಾತ್ರ ಬಕೆಟ್ಟುಗಟ್ಟಲೆ ಸುರಿಯಬೇಡ. ಒಮ್ಮೆ ನಮ್ಮಲ್ಲಿ ಸತ್ಯನಾರಾಯಣ ಪೂಜೆ ಆಗಿ ಅನ್ನ ಬಹಳ ಉಳಿದಿತ್ತು. ಚೆಲ್ಲುವುದು ಪಾಪ ಅಂತ ನಾನೇ ಅಷ್ಟನ್ನೂ ನಮ್ಮ ದನ ಗೌರಿಯ ಬಾನಿಗೆ ಹಾಕಿದೆ. ಆಸೆಯಿಂದ ತಿಂದಳು. ರಾತ್ರಿ ಹೊತ್ತಿಗೆ ಮೆಲುಕು ನಿಂತಿತು, ಎಡಗಡೆ ಹೊಟ್ಟೆ ತಮಟೆ ಹಾಗೆ ಉಬ್ಬಿತು, ತಲೆ ಕೆಳಗೆ ಹಾಕಿ ಹಲ್ಲು ಕಡಿಯುತ್ತಾ ನಿಂತಳು. ದನದ ಡಾಕ್ಟರು ಬಂದು ಅಡಿಗೆ ಸೋಡಾ ಕರಗಿಸಿದ ನೀರು ಕುಡಿಸಿ, ಇಂಜೆಕ್ಷನ್ ಕೊಟ್ಟರು. ಅನ್ನ ದನದ ಹೊಟ್ಟೆಯಲ್ಲಿ ಬೇಗ ಹುಳಿಯಾಗಿ ಏರುತ್ತದಂತೆ, ಹುಲ್ಲು ಹಾಗಲ್ಲ. ಬೆಳಗಿನ ಜಾವ ಅವಳು ಮತ್ತೆ ಮೆಲುಕು ಹಾಕುವವರೆಗೂ ನಾನು ಕೊಟ್ಟಿಗೆ ಮೆಟ್ಟಿಲ ಮೇಲೇ ಕೂತಿದ್ದೆ.

ಇನ್ನೊಂದು. ನಿನ್ನ ತವರಿನ ಖಡಕ್ ರೊಟ್ಟಿಯನ್ನು ಯಾಕೆ ಮರೆತೆ? ಬಿಡುವಿದ್ದ ದಿನ ಮೂವತ್ತು ಜೋಳದ ರೊಟ್ಟಿ ತಟ್ಟಿ ಒಣಗಿಸಿಡು. ನಾಟಿ ದಿನ ಅದಕ್ಕೆ ಮೊಸರು, ಖೋಲಾ ಮೆಣಸಿನ ಚಟ್ನಿ ಇದ್ದರೆ ಮುಗಿಯಿತು. ಈ ಮೆಣಸಿಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಆ ಊರಿನದೇ ವಿಶೇಷ ಬೆಳೆ ಎಂಬ ಸರಕಾರಿ ಗುರುತು ಸಿಕ್ಕಿತು, ನಿನ್ನ ತಾಲ್ಲೂಕಿನದೇ ಬೆಳೆ. ಆದರೆ ಇಲ್ಲಿನ ಮಳೆಗಾಲದ ತೇವಕ್ಕೆ ರೊಟ್ಟಿ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ. ಬುಟ್ಟಿ ಬೇಡ, ಬಿಗಿ ಮುಚ್ಚಳದ ಡಬ್ಬಿಯೇ ಬೇಕು.

ಪ್ರಶ್ನೆ: ಮನೆಯಲ್ಲೇ ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆಗೆ ಆಗಸ್ಟಿನಲ್ಲೇ ಬೂಷ್ಟು ಹಿಡಿಯಿತು. ಎಲ್ಲಿ ತಪ್ಪಿದೆ?
— ಒಬ್ಬ ಓದುಗರು, ಮಡಗಾಂವ್

ಉತ್ತರ: ಉಪ್ಪು ಕಡಿಮೆ ಬಿದ್ದಿದೆ, ಇಲ್ಲವೇ ಬಿಸಿಲು. ನಾನು ಹತ್ತು ಕಿಲೋ ಸಿಪ್ಪೆಗೆ ಒಂದು ಕಿಲೋ ಹರಳುಪ್ಪು ಹಾಕುತ್ತೇನೆ. ತಿರುಳಿನ ರಸದಲ್ಲಿ ಉಪ್ಪು ಕರಗಿಸಿಟ್ಟು, ಹಗಲಿಡೀ ಸಿಪ್ಪೆ ಒಣಗಿಸಿ, ಸಂಜೆ ಮತ್ತೆ ಆ ರಸದಲ್ಲಿ ಅದ್ದಬೇಕು. ಹೀಗೆ ಐದಾರು ದಿನ. ಕೊನೆಗೆ ಸಿಪ್ಪೆ ಕಪ್ಪಾಗಿ, ಮಡಚಿದರೆ ಬಗ್ಗಬೇಕು, ಬೆರಳಿಗೆ ರಸ ಅಂಟಬಾರದು. ಪಿಂಗಾಣಿ ಭರಣಿಯಲ್ಲಿ ತುಂಬಿ. ಹುಳಿ ಲೋಹವನ್ನು ತಿನ್ನುತ್ತದೆ.

ಮೇ ಕೊನೆಗೆ ಮೋಡ ಕವಿದ ಮೇಲೆ ಬಂದ ಹಣ್ಣನ್ನು ಒಣಗಿಸುವ ಗೋಜಿಗೆ ಹೋಗಬೇಡಿ. ಅದರ ರಸ ಹಿಂಡಿ ಉಪ್ಪು ಹಾಕಿ ಆಗಳ ಮಾಡಿಡಿ, ತೆಂಗಿನ ಹಾಲು ಬೆರೆಸಿ ಮಾಡುವ ಸೋಲ್‌ಕಡಿಗೆ ಆಗುತ್ತದೆ. ಮಳೆಗಾಲಕ್ಕೆ ಸಾಮಾನು ಕೂಡಿಡುವುದಕ್ಕೆ ಗೋವೆಯಲ್ಲಿ ಪುರುಮೆಂತ್ ಅನ್ನುತ್ತಾರೆ, ಪೋರ್ಚುಗೀಸ್ ಮಾತಿನಿಂದ ಬಂದದ್ದು. ನಿಮ್ಮ ಮಡಗಾಂವಿನಲ್ಲಿ ಅದಕ್ಕೊಂದು ಫೆಸ್ತೇ, ಅಂದರೆ ಜಾತ್ರೆಯೇ ಇದೆಯಲ್ಲ. ಈ ಸಲ ಕೈಗೂಡದಿದ್ದರೆ ಅಲ್ಲೇ ಕೊಳ್ಳಿ, ನಾಚಿಕೆ ಏನೂ ಬೇಡ.

ಬೀಜ ಎಸೆದಿರಾ? ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ತುಪ್ಪ ಮೇಲೆ ತೇಲುತ್ತದೆ. ಆರಿದರೆ ಮೇಣದ ಹಾಗೆ ಗಟ್ಟಿ. ಕೆಸರಲ್ಲಿ ನಿಂತು ಒಡೆದ ಹಿಮ್ಮಡಿಗೆ ನಮ್ಮ ಮನೆಯಲ್ಲಿ ಅದೊಂದೇ ಮದ್ದು.

ಪ್ರಶ್ನೆ: ನಾಟಿ ಕೋಳಿ ಮೊಟ್ಟೆಯನ್ನು ತೊಳೆದು ಇಡಬೇಕಾ?
— ಫೋಂಡಾದಿಂದ

ಉತ್ತರ: ಬೇಡ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಇರುತ್ತದೆ, ತೊಳೆದರೆ ಅದು ಹೋಗಿ ಮೊಟ್ಟೆ ಬೇಗ ಕೆಡುತ್ತದೆ. ಒಣಬಟ್ಟೆಯಲ್ಲಿ ಒರೆಸಿಡಿ, ಒಡೆಯುವ ಮುಂಚೆ ತೊಳೆಯಿರಿ. ಹಳತಾ ಹೊಸತಾ ಅಂತ ಅನುಮಾನ ಬಂದರೆ ಒಂದು ಲೋಟ ನೀರಲ್ಲಿ ಬಿಡಿ. ತೇಲಿದ್ದನ್ನು ತೆಂಗಿನ ಬುಡಕ್ಕೆ ಹಾಕಿ.